ಡಾಲ್ಫಿನ್ ಹೊಟ್ಟೆಯಲ್ಲಿ ಎಸ್ಟೀಮ್ ಎಂಜಿನ್

ಮೊದಲೇ ಹೇಳಿಬಿಡುತ್ತೇನೆ, ಈ ಕಾರು ರಸ್ತೆಗೆ ಇಳಿಯುವುದಿಲ್ಲ. ಇಳಿಸುವ ಹಾಗೂ ಇಲ್ಲ. ಮೂರು ವರ್ಷ ಒದ್ದಾಡಿ, ಹತ್ತಿರ ಹತ್ತಿರ ಮೂರೂವರೆ ಲಕ್ಷ ಸುರಿದು, ಕೊನೆಗೆ ಮಾಗಡಿ ಕಡೆ ಗೆಳೆಯನ ತೋಟದ 400 ಮೀಟರ್ ಮಣ್ಣಿನ ದಾರಿಯಲ್ಲಿ ಮಾತ್ರ ಓಡುವ ಕಾರು ಮಾಡಿಕೊಂಡಿದ್ದೇನೆ. ನಮ್ಮ ಭಾವ ಇದನ್ನು ಕೇಳಿ ಕಾಫಿ ಲೋಟ ಕೆಳಗಿಟ್ಟು, "ಅದೇ ದುಡ್ಡಿಗೆ ಒಳ್ಳೇ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಬರ್ತಿತ್ತಲ್ಲೋ" ಅಂದರು. ಬರುತ್ತಿತ್ತು. ನನಗೆ ಸ್ವಿಫ್ಟ್ ಬೇಕಿರಲಿಲ್ಲ, ಅಷ್ಟೇ.

ಕಾರು ಸಿಪಾನಿ ಡಾಲ್ಫಿನ್. ಈಗಿನ ಹುಡುಗರಿಗೆ ಹೆಸರೂ ಗೊತ್ತಿರಲಿಕ್ಕಿಲ್ಲ. ನಮ್ಮ ಬೆಂಗಳೂರಿನಲ್ಲೇ ತಯಾರಾದ ಕಾರು ಇದು. ಇದಕ್ಕೂ ಮುಂಚೆ ಸಿಪಾನಿಯವರೇ ಬಾದಲ್ ಅಂತ ಮೂರು ಚಕ್ರದ ಒಂದು ಗಾಡಿ ಮಾಡಿದ್ದರು. ಆಮೇಲೆ 80ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಪುಟ್ಟ ಕಾರನ್ನು ಇಲ್ಲಿ ಡಾಲ್ಫಿನ್ ಹೆಸರಲ್ಲಿ ಮಾಡಿದರು. ಎರಡು ಬಾಗಿಲು, ಕಬ್ಬಿಣದ ಚಾಸಿ, ಮೇಲೆ ಪೂರ್ತಿ ಫೈಬರ್ ಬಾಡಿ, ಮುಂದೆ 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಓಟ ಹಿಂದಿನ ಚಕ್ರಕ್ಕೆ. ತೂಕ ಅರ್ಧ ಟನ್ನಿಗಿಂತ ಸ್ವಲ್ಪ ಜಾಸ್ತಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ನಾಲ್ಕು ಬಾಗಿಲು, ತಗಡಿನ ಬಾಡಿ. ಆಮೇಲೆ ಡಾಲ್ಫಿನ್ ಕಡೆ ಯಾರು ತಿರುಗಿ ನೋಡುತ್ತಾರೆ ಹೇಳಿ.

ನಾನು ನೋಡಿದೆ. ಯಾಕೆಂದರೆ ಕಾಲೇಜಿನ ದಿನಗಳಿಂದ ನನ್ನ ತಲೆಯಲ್ಲಿ ಕೂತಿದ್ದದ್ದು ಹಾಟ್ ರಾಡ್. ಅಮೆರಿಕದ ಹುಡುಗರ ಹುಚ್ಚು ಅದು. ಫೋರ್ಡ್ ಕಂಪನಿ 1932ರಲ್ಲಿ ಬಡವರಿಗೂ ಎಟುಕುವ ಬೆಲೆಗೆ ಎಂಟು ಸಿಲಿಂಡರಿನ ವಿ8 ಎಂಜಿನ್ ಕೊಟ್ಟಿತು, 3.6 ಲೀಟರ್, 65 ಎಚ್‌ಪಿ. ಕ್ಯಾಲಿಫೋರ್ನಿಯಾದ ಹುಡುಗರು ಅಂಥ ಹಳೇ ಕಾರು ತಂದು, ಮಡ್‌ಗಾರ್ಡು, ಬಂಪರು, ಬೇಡದ್ದೆಲ್ಲ ಕಿತ್ತು ಹಗುರ ಮಾಡಿ, ಎಂಜಿನ್ ಕುಟ್ಟಿ ತಟ್ಟಿ, ಮುರೋಕ್ ಎಂಬ ಒಣಗಿದ ಕೆರೆಯ ಅಂಗಳದಲ್ಲಿ ಓಡಿಸುತ್ತಿದ್ದರು. 1955ರಲ್ಲಿ ಶೆವ್ರೊಲೆ ತನ್ನ ಸಣ್ಣ ವಿ8 ತಂದ ಮೇಲಂತೂ ಫೋರ್ಡ್ ಕಾರಿಗೆ ಶೆವ್ರೊಲೆ ಎಂಜಿನ್ ಹಾಕುವುದು ಮಾಮೂಲಾಯಿತು. ಲೆಕ್ಕ ಸರಳ: ಹಗುರದ ಮೈ, ದೊಡ್ಡ ಎಂಜಿನ್. ನನಗೆ ವಿ8 ಎಲ್ಲಿಂದ ಬರಬೇಕು? ಆದರೆ ಅರ್ಧ ಟನ್ನಿನ ಕಾರು ಸಿಕ್ಕರೆ ವಿ8 ಯಾಕೆ ಬೇಕು?

ಇನ್ನೊಂದು ಮಾತು. ಎಂಜಿನ್ ಬದಲಿಸುವುದು ಏನೋ ವಿದೇಶಿ ತಿಕ್ಕಲು ಅಂತ ನಮ್ಮವರು ತಿಳಿದಿದ್ದಾರೆ. ನಮ್ಮ ಕಾರ್ಖಾನೆಗಳೇ ಈ ಕೆಲಸ ಮಾಡಿವೆ ಮಾರಾಯ್ರೆ! ಪ್ರೀಮಿಯರ್ 118 ಎನ್‌ಇ ಅಂದರೆ ಫಿಯೆಟ್ ಬಾಡಿಗೆ ನಿಸಾನ್ ಎಂಜಿನ್. ಅಂಬಾಸಿಡರ್‌ಗೆ 90ರ ದಶಕದಲ್ಲಿ ಇಸುಜು ಎಂಜಿನ್ ಬಂತು, ಬ್ರಿಟಿಷ್ ಅಜ್ಜನಿಗೆ ಜಪಾನಿ ಎದೆಗಾರಿಕೆ. ಸ್ಟ್ಯಾಂಡರ್ಡ್ 2000 ನೆನಪಿದೆಯಾ? ಅದರ ರೋವರ್ ಬಾಡಿಗೆ ಇಂಗ್ಲೆಂಡಿನಲ್ಲಿ ವಿ8 ಸಿಗುತ್ತಿತ್ತು. ಇಲ್ಲಿ ಅದೇ ಮೈಗೆ ಹಳೇ ವ್ಯಾನ್‌ಗಾರ್ಡ್ ಕಾರಿನ ಕಾಲದ ಎರಡು ಲೀಟರ್ ಎಂಜಿನ್ ಇಟ್ಟು ಮಾರಿದರು. ಹಾಟ್ ರಾಡ್ ಉಲ್ಟಾ!

ಕಾರು ಸಿಕ್ಕಿದ್ದು 2021ರಲ್ಲಿ, ಬಸವನಗುಡಿಯ ಒಂದು ಹಳೇ ಮನೆಯ ಕಾಂಪೌಂಡಿನಲ್ಲಿ, ನೇರಳೆ ಮರದ ಕೆಳಗೆ. ಬಿಳಿ ಕಾರು ನೇರಳೆ ಕಾರಾಗಿತ್ತು. ಯಜಮಾನರು ಬ್ಯಾಂಕಿನಿಂದ ರಿಟೈರ್ ಆದವರು, ಎಂಬತ್ತು ಸಮೀಪಿಸಿದೆ. 1984ರಲ್ಲಿ ತಗೊಂಡ ಮೊದಲ ಕಾರಂತೆ. ಏರ್ ಕ್ಲೀನರ್ ತೆಗೆದರೆ ಒಳಗೆ ಅಳಿಲಿನ ಗೂಡು. ಎಂಜಿನ್ ಜಾಮ್. 35,000ಕ್ಕೆ ಒಪ್ಪಿದರು, ಒಂದು ಷರತ್ತಿನ ಮೇಲೆ: "ಗುಜರಿಗೆ ಮಾತ್ರ ಹಾಕ್ಬೇಡಪ್ಪ." ಹಾಕುವುದಿಲ್ಲ ಅಂದೆ.

ನಿಜ ಹೇಳಬೇಕೆಂದರೆ ಮೊದಲು ಅದೇ ಎಂಜಿನ್ ಸರಿ ಮಾಡಿಸೋಣ ಅಂತಲೇ ಇತ್ತು. ಜೆ.ಸಿ. ರಸ್ತೆಯಲ್ಲಿ ಎರಡು ಶನಿವಾರ ಸುತ್ತಿದೆ. ಡಾಲ್ಫಿನ್ ಪಿಸ್ಟನ್ ಅಂದರೆ ಅಂಗಡಿಯವರು ಮೇಲಿಂದ ಕೆಳಗೆ ನೋಡಿ ನಗುತ್ತಿದ್ದರು. ಒಬ್ಬರು ಮಾತ್ರ ಚಹಾ ತರಿಸಿ ಕೂರಿಸಿ, ಆ ಕಾಲದ ರ‍್ಯಾಲಿಗಳಲ್ಲಿ ಡಾಲ್ಫಿನ್ ಓಡುತ್ತಿದ್ದ ಕಥೆಯನ್ನೆಲ್ಲ ಹೇಳಿ, "ಪಿಸ್ಟನ್ ಇಲ್ಲ" ಅಂದರು.

ಸರಿ, ಬೇರೆ ಎಂಜಿನ್, ಮಾರುತಿ ಎಸ್ಟೀಮ್ ಕಾರಿನದು ಅಂತ ಮನಸ್ಸಿನಲ್ಲಿತ್ತು. ಅದಕ್ಕೆ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ ಕೇಳಿದೆ. ಗೆಳೆಯರೆಲ್ಲ "ಕೇಳ್ಬೇಡ ಮಗಾ, ಸುಮ್ನೆ ಹಾಕ್ಸು" ಅಂದಿದ್ದರು. ಕೇಳಿದ್ದು ಒಳ್ಳೆಯದೇ ಆಯಿತು. ಅಲ್ಲಿದ್ದ ಇನ್‌ಸ್ಪೆಕ್ಟರ್ ಪಾಪ ಕೂರಿಸಿಕೊಂಡು ವಿವರಿಸಿದರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂಥ ಬದಲಾವಣೆ ಮಾಡುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿದೆ. ಎಂಜಿನ್ ಕೆಟ್ಟರೆ ಅನುಮತಿ ಪಡೆದು ಅದೇ ಜಾತಿಯ ಎಂಜಿನ್ ಹಾಕಿಕೊಳ್ಳಿ, ಡಾಲ್ಫಿನ್‌ಗೆ ಎಸ್ಟೀಮ್ ಎಂಜಿನ್ ಅಂದರೆ ಆಗದು. ಮೀರಿದರೆ ಒಂದೊಂದು ಬದಲಾವಣೆಗೂ 5,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. "ಹಾಗಾದ್ರೆ ಐವತ್ತು ವರ್ಷ ಆದ ಮೇಲೆ ವಿಂಟೇಜ್ ಅಂತ ಮಾಡಿಸ್ಬಹುದಾ ಸಾರ್?" ಅಂದೆ. "ಅದಕ್ಕೆ ಒರಿಜಿನಲ್ ಎಂಜಿನ್ನೇ ಇರ್ಬೇಕು ಕಣ್ರೀ" ಅಂದರು.

ಮನೆಗೆ ಬಂದು ಎರಡು ದಿನ ಯೋಚನೆ ಮಾಡಿ ಎರಡು ನಿಯಮ ಹಾಕಿಕೊಂಡೆ. ಕಾರು ಖಾಸಗಿ ಜಾಗ ಬಿಟ್ಟು ಹೊರಗೆ ಬರಬಾರದು, ಹೋಗುವುದು ಬರುವುದು ಫ್ಲಾಟ್‌ಬೆಡ್ ಮೇಲೆ. ಚಾಸಿಗೆ ಕಟಿಂಗ್ ಮೆಷಿನ್ ತಾಗಬಾರದು, ಏನೇ ಆದರೂ ಬೋಲ್ಟ್ ಬಿಚ್ಚಿ ಹಳೇ ಎಂಜಿನ್ ವಾಪಸ್ ಕೂರುವಂತಿರಬೇಕು. ಹಳೇ ಎಂಜಿನ್ ಗ್ರೀಸ್ ಬಳಿದು, ಗೋಣಿಚೀಲ ಸುತ್ತಿ, ನಮ್ಮ ಮನೆ ಮೆಟ್ಟಿಲ ಕೆಳಗೆ ಹೋಯಿತು. ಅಲ್ಲಿ ಮುಂಚೆ ಇದ್ದ ಗ್ರೈಂಡರ್ ಎಲ್ಲಿ ಹೋಯಿತು ಅಂತ ಅಮ್ಮ ಇವತ್ತಿಗೂ ಕೇಳುತ್ತಾರೆ.

ಈಗ ಎಂಜಿನ್. ಎಸ್ಟೀಮ್‌ನ 1298 ಸಿಸಿ, 16 ವಾಲ್ವ್, 85 ಬಿಎಚ್‌ಪಿ. ಅದೂ ಅಲ್ಯೂಮಿನಿಯಂ ಬ್ಲಾಕ್, ಹಗುರ. ಎಸ್ಟೀಮ್‌ನಲ್ಲಿ ಅದು ಅಡ್ಡಡ್ಡ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ನನಗೆ ಉದ್ದಕ್ಕೆ ಕೂರಬೇಕು, ಹಿಂದಿನ ಚಕ್ರ ತಿರುಗಬೇಕು. ಇಲ್ಲಿ ಮಾರುತಿ ಜಿಪ್ಸಿ ಜೀಪಿನವರಿಗೆ ನಮಸ್ಕಾರ ಹಾಕಬೇಕು. ಜಿಪ್ಸಿಯಲ್ಲಿರುವುದು ಇದೇ ಕುಟುಂಬದ ಎಂಜಿನ್, ಆದರೆ ಉದ್ದಕ್ಕೆ. ಅದರ ಗೇರ್‌ಬಾಕ್ಸ್ ಎಸ್ಟೀಮ್ ಎಂಜಿನ್ನಿನ ಬೆನ್ನಿಗೆ ಸರಿಯಾಗಿ ಕೂರುತ್ತದೆ. ಜಿಪ್ಸಿಗೆ ಎಸ್ಟೀಮ್ ಎಂಜಿನ್ ಹಾಕಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ, ದಾರಿ ಸವೆದ ದಾರಿ. ಇನ್ನೂ ಒಂದು ಅನುಕೂಲ: ಜಿಪ್ಸಿಯಲ್ಲಿ ಓಟವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ, ಫೋರ್ ವೀಲ್ ಡ್ರೈವಿನ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಒಂದು ಗಿಡ್ಡ ಶಾಫ್ಟಿನ ಆಚೆ ಬೇರೆಯೇ ಇದೆ. ಅದನ್ನು ಬಿಟ್ಟು ಗೇರ್‌ಬಾಕ್ಸ್ ಮಾತ್ರ ತಗೊಂಡರೆ ಆಯಿತು.

ಹಿಂದಿನ ಹೌಸಿಂಗ್, ಅಂದರೆ ಹಿಂದಿನ ಚಕ್ರಗಳ ನಡುವಿನ ಆಕ್ಸಲ್ ಪೆಟ್ಟಿಗೆ, ಮಾರುತಿ ಓಮ್ನಿಯದು. ಡಾಲ್ಫಿನ್ ಹೌಸಿಂಗ್ ಆ ಪುಟ್ಟ 848 ಸಿಸಿ ಎಂಜಿನ್ನಿಗೆ ಮಾಡಿದ್ದು, ಈ 85ನ್ನು ಹಾಕಿದರೆ ಎರಡನೇ ದಿನ ಅದರೊಳಗಿನ ಹಲ್ಲುಚಕ್ರದ ಜೋಡಿ, ಕ್ರೌನ್ ಪಿನಿಯನ್, ಪುಡಿ. ಓಮ್ನಿ ಹೌಸಿಂಗ್ ಅಗಲದಲ್ಲೂ ಹೆಚ್ಚುಕಡಿಮೆ ಸರಿಹೋಯಿತು, ಕೆಳಗೆ ಪ್ಲೇಟ್ ಸ್ಪ್ರಿಂಗೂ ಇದೆ. ಇನ್ನೂ ಒಂದು ಲೆಕ್ಕ ನನಗೆ ಆಮೇಲೆ ಹೊಳೆದದ್ದು. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಹೈ ಗೇರ್‌ನಲ್ಲೂ ಓಟವನ್ನು ಸುಮಾರು 1.4 ಪಟ್ಟು ಇಳಿಸುತ್ತದೆ. ಅದನ್ನು ತೆಗೆದುಬಿಟ್ಟರೆ ಗೇರು ತುಂಬಾ ಉದ್ದವಾಗಿ ಎಳೆತ ಕಡಿಮೆಯಾಗಬೇಕಿತ್ತು. ಆದರೆ ಓಮ್ನಿ ಕ್ರೌನ್ ಪಿನಿಯನ್ ಹೇಗೂ ಹೊರೆ ಎಳೆಯುವ ವ್ಯಾನಿನದು, ಗಿಡ್ಡ. ಒಂದರ ಕೊರತೆ ಇನ್ನೊಂದರಲ್ಲಿ ತುಂಬಿತು. ನನ್ನ ಜಾಣತನ ಅಂತ ಹೇಳಿಕೊಳ್ಳಬಹುದಿತ್ತು. ಸುಮ್ನೆ ಅದೃಷ್ಟ.

ಎಂಜಿನ್, ವೈರಿಂಗ್, ಎಂಜಿನ್ ನಿಯಂತ್ರಿಸುವ ಕಂಪ್ಯೂಟರು ಇಸಿಎಂ ಸಹಿತ 28,000. ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಇಲ್ಲದ ಹಳೇ ಮಾಡೆಲ್ಲೇ ಬೇಕು ಅಂತ ಒಂದು ತಿಂಗಳು ಹುಡುಕಿದೆ, ಇಲ್ಲದಿದ್ದರೆ ಕೀ, ಇಸಿಎಂ ಜೋಡಿ ಸಿಗದೆ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ. ಗೇರ್‌ಬಾಕ್ಸ್ 22,000, ಮಿಲಿಟರಿಯಿಂದ ಹರಾಜಾದ ಜಿಪ್ಸಿಯದು, ಮೇಲೆ ಇನ್ನೂ ಹಸಿರು ಬಣ್ಣ.

ಮೊದಲ ಗ್ಯಾರೇಜಿನ ವಿಷಯ ಜಾಸ್ತಿ ಹೇಳುವುದಿಲ್ಲ, ಹೆಸರಂತೂ ಹೇಳುವುದೇ ಇಲ್ಲ. 60,000 ಅಡ್ವಾನ್ಸ್ ತಗೊಂಡರು. ಹನ್ನೊಂದು ತಿಂಗಳು "ನೆಕ್ಸ್ಟ್ ವೀಕ್ ಸಾರ್". ಕೊನೆಗೆ ಹೋಗಿ ನೋಡಿದರೆ ಎಂಜಿನ್ ಚಾಸಿ ಮೇಲೆ ಕೂತಿದೆ, ನಿಜ. ಆದರೆ ಎಡಕ್ಕೆ ವಾಲಿಕೊಂಡು, ಗೇರ್‌ಬಾಕ್ಸ್ ಬಾಲ ನೆಲ ನೋಡುತ್ತಾ, ಮದುವೆ ಮನೆಯಲ್ಲಿ ಊಟ ಆದ ಮೇಲೆ ಕುರ್ಚಿಯಲ್ಲಿ ಜಾರಿ ಕೂತ ದೊಡ್ಡಪ್ಪನ ಥರ. ಫ್ಲಾಟ್‌ಬೆಡ್ ಕರೆಸಿ ಎತ್ತಿಕೊಂಡು ಬಂದೆ.

ಎರಡನೆಯವರು ಮೈಸೂರು ರಸ್ತೆಯಿಂದ ಒಳಗೆ ಒಂದು ಶೆಡ್ಡಿನ ಭಾಯ್. ಬೋರ್ಡಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ಕೆಳಗೆ ಮಲಗಿ, ಎದ್ದು, "ಎಂಜಿನ್ ಕೂರಿಸೋದು ನಾಲ್ಕಾಣೆ ಕೆಲಸ ಸಾರ್, ಹನ್ನೆರಡಾಣೆ ಆಮೇಲೆ ಇದೆ" ಅಂದರು. ಆಗ ನಾನು ನಂಬಲಿಲ್ಲ. ಎಂಜಿನ್ ಅಂದರೆ ಎಲ್ಲ ಅಂತ ತಾನೇ ನಾವು ಕನಸು ಕಾಣುವುದು.

ಆ ಹನ್ನೆರಡಾಣೆ ಏನು ಅಂತ ಹೇಳುತ್ತೇನೆ. ಮೊದಲನೆಯದು ಓಟವನ್ನು ಹಿಂದಿನ ಚಕ್ರಗಳ ಕಡೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್. ಗೇರ್‌ಬಾಕ್ಸಿನಿಂದ ಹೊರಡುವ ಗೆರೆಯೂ ಹೌಸಿಂಗ್ ಮೂಗಿನ ಗೆರೆಯೂ ಒಂದಕ್ಕೊಂದು ಸಮಾನಾಂತರ ಇರಬೇಕು. ಆಗ ಎರಡು ತುದಿಯಲ್ಲಿ ಕೀಲಿನ ಹಾಗಿರುವ ಕ್ರಾಸ್‌ಗಳ ಕೋನ ಒಂದೇ ಆಗಿ, ಒಂದು ಮಾಡುವ ಏರುಪೇರನ್ನು ಇನ್ನೊಂದು ತಿಂದುಹಾಕುತ್ತದೆ. ಇಲ್ಲದಿದ್ದರೆ ಶಾಫ್ಟ್ ಒಂದೇ ಸುತ್ತಿನಲ್ಲಿ ಎರಡು ಸಲ ಜೋರಾಗಿ ಎರಡು ಸಲ ನಿಧಾನವಾಗಿ ತಿರುಗಿ ಇಡೀ ಗಾಡಿ ನಡುಗುತ್ತದೆ. ನಮ್ಮದು ನಡುಗಿತು. ಜಾಕ್ ಮೇಲೆ ನಿಲ್ಲಿಸಿ ಓಡಿಸಿದಾಗ ಮೀಟರ್ 55 ದಾಟುತ್ತಿದ್ದ ಹಾಗೆ ಬಾಗಿಲ ಗಾಜು ಗಡಗಡ. ಮೊಬೈಲಿನ ಮಟ್ಟಗೋಲು ಆಪ್ ಇಟ್ಟು ಅಳೆದರೆ ಮೂರೂವರೆ ಡಿಗ್ರಿ ವ್ಯತ್ಯಾಸ. ಗೇರ್‌ಬಾಕ್ಸ್ ಬ್ರಾಕೆಟ್ ಹೊಸದಾಗಿ ಮಾಡಿಸಿ, ಹೌಸಿಂಗ್‌ಗೂ ಪ್ಲೇಟಿಗೂ ನಡುವೆ ಕಬ್ಬಿಣದ ಬೆಣೆ ಹಾಕಿ, ಅರ್ಧ ಡಿಗ್ರಿಗೆ ತಂದೆವು.

ಶಾಫ್ಟಿನ ಒಂದು ತುದಿ ಜಿಪ್ಸಿ, ಇನ್ನೊಂದು ತುದಿ ಓಮ್ನಿ, ಬೋಲ್ಟಿನ ತೂತುಗಳು ಸೇರುವುದಿಲ್ಲ. ನಡುವೆ ಒಂದು ಬಿಲ್ಲೆ ಬೇಕು. ಅದಕ್ಕೆ ಪೀಣ್ಯದಲ್ಲಿ ಒಬ್ಬ ಹಿರಿಯರು ಸಿಕ್ಕರು, ಎಚ್‌ಎಂಟಿಯ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಇದ್ದವರು, ಈಗ ಮಗನ ಶೆಡ್ಡಿನಲ್ಲಿ ಒಂದು ಹಳೇ ಲೇತ್ ಇಟ್ಟುಕೊಂಡಿದ್ದಾರೆ. ಬೆಂಗಳೂರಿನಲ್ಲಿ ಇಂಥ ಹುಚ್ಚು ಕೆಲಸಗಳು ಆಗುತ್ತವೆ ಅಂದರೆ ಅದು ಇಂಥವರಿಂದ. ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್, ಐಟಿಐಗಳಲ್ಲಿ ಕೈ ಪಳಗಿದವರು. ಬಿಲ್ಲೆ ಮುಗಿಸಿ ಓರೆಕೋರೆ ಅಳೆಯುವ ಡಯಲ್ ಇಟ್ಟು ತಿರುಗಿಸಿದರು. ಮುಳ್ಳು ಇಂಚಿನ ಸಾವಿರದಲ್ಲಿ ಎರಡು ಭಾಗದಷ್ಟು ಅಲ್ಲಾಡಿತು. ನನಗೆ ಖುಷಿಯೋ ಖುಷಿ. ಅವರು ಮುಖ ಸಿಂಡರಿಸಿ, ಬಿಲ್ಲೆ ಬಿಚ್ಚಿ ಗುಜರಿ ಡಬ್ಬಕ್ಕೆ ಎಸೆದು, "ನಾಳೆ ಬಾ" ಅಂದರು. ನಾಳೆ ಹೋದರೆ ಮುಳ್ಳು ಕದಲಲೇ ಇಲ್ಲ. 1,200 ರೂಪಾಯಿ ಕೇಳಿದರು. ಎರಡು ಸಾವಿರ ಕೊಟ್ಟರೆ ಬೈದು ವಾಪಸ್ ಕೊಟ್ಟರು.

ಫೈರ್‌ವಾಲ್, ಅಂದರೆ ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆ, ಇನ್ನೊಂದು ಕಥೆ. ಎಂಜಿನ್ ತಲೆಯ ಹಿಂಭಾಗದಲ್ಲಿ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಇದೆ. ಅಡ್ಡಡ್ಡ ಕೂತಾಗ ತೊಂದರೆ ಇಲ್ಲ, ಉದ್ದಕ್ಕೆ ಇಟ್ಟರೆ ಸೀದಾ ಫೈರ್‌ವಾಲ್‌ಗೆ ಗುದ್ದುತ್ತದೆ. ತಗಡಿನ ಕಾರಾದರೆ ಸುತ್ತಿಗೆಯಲ್ಲಿ ನಾಲ್ಕು ಏಟು ಕೊಟ್ಟು ತಗ್ಗು ಮಾಡುತ್ತಾರೆ. ಫೈಬರ್‌ಗೆ ಏಟು ಕೊಟ್ಟರೆ ಬಿರುಕು. ಹಾಗಾಗಿ ಬಟ್ಟೆ ಅಂಗಡಿಗಳಿಗೆ ಫೈಬರ್ ಗೊಂಬೆ ಮಾಡುವವರ ಹತ್ತಿರ ಹೋದೆ. ತಲೆ ಇಲ್ಲದ ಇಪ್ಪತ್ತು ಹೆಂಗಸರು, ಒಂದು ಅರ್ಧ ಆನೆ, ಅದರ ಮಧ್ಯೆ ನನ್ನ ಡಾಲ್ಫಿನ್. ಆ ಹುಡುಗ ಒಂದು ಪ್ಲಾಸ್ಟಿಕ್ ಬೇಸಿನ್‌ ತಂದು ಡಿಸ್ಟ್ರಿಬ್ಯೂಟರ್ ಎದುರು ಹಿಡಿದು, "ಈ ಸೈಜ್ ಗುಂಡಿ ಸಾಕಾ?" ಅಂದ. ಸಾಕಾಯಿತು. ಆ ಬೇಸಿನ್ನೇ ಅಚ್ಚು. ಈಗಲೂ ಬಾನೆಟ್ ಎತ್ತಿ ನೋಡಿದರೆ ಫೈರ್‌ವಾಲ್ ಮೇಲೆ ಬೇಸಿನ್ ತಳದ ಹೂವಿನ ಗೆರೆ ಕಾಣುತ್ತದೆ. ಒಳಗಡೆ ಬಿಸಿ ತಡೆಯಲು ಅಲ್ಯೂಮಿನಿಯಂ ಹಾಳೆ, ಅದರ ಹಿಂದೆ ಗ್ಲಾಸ್ ವೂಲ್. ಇದನ್ನು ಬಿಡಬೇಡಿ, ಫೈಬರ್‌ಗೆ ಬೆಂಕಿ ಹತ್ತಿದರೆ ನಿಲ್ಲುವುದಿಲ್ಲ.

ರೇಡಿಯೇಟರ್, ಎಲೆಕ್ಟ್ರಿಕ್ ಫ್ಯಾನ್, ಇಂಜೆಕ್ಷನ್‌ಗೆ ಬೇಕಾದ ಹೈ ಪ್ರೆಷರ್ ಪೆಟ್ರೋಲ್ ಪಂಪು, ಟ್ಯಾಂಕಿಗೆ ವಾಪಸ್ ಪೈಪು, ಇವೆಲ್ಲ ಎರಡು ವಾರದಲ್ಲಿ ಆದವು.

ಆಮೇಲೆ ಸ್ಟಾರ್ಟ್ ಆಗಲಿಲ್ಲ. ಸ್ಟಾರ್ಟರ್ ತಿರುಗುತ್ತದೆ, ಒಮ್ಮೆ ಕೆಮ್ಮುತ್ತದೆ, ಸುಮ್ಮನಾಗುತ್ತದೆ. ಪಂಪ್ ಬದಲಿಸಿದೆವು. ಇನ್ನೊಂದು ಇಸಿಎಂ ಸಾಲ ತಂದು ಹಾಕಿದೆವು. ಕ್ರ್ಯಾಂಕ್ ಮಾಡುವಾಗ ಹೆಡ್‌ಲೈಟ್ ತಾನಾಗೇ ಮಂಕಾಗಿ ಹತ್ತಿಕೊಳ್ಳುತ್ತಿತ್ತು, ಭೂತ ಬಂದ ಹಾಗೆ. ಮೂರನೇ ದಿನ ಒಬ್ಬ ಎಲೆಕ್ಟ್ರಿಷಿಯನ್ ಹುಡುಗ ಬಂದ, ಇಪ್ಪತ್ತೆರಡು ವರ್ಷ ಇರಬಹುದು. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಾಡಿಗೆ ಸಿಕ್ಕಿಸಲು ಹೋಗಿ ನಿಂತ. ಬಾಡಿಯನ್ನು ಬೆರಳ ಗೆಣ್ಣಿನಿಂದ ಟಕ್ ಟಕ್ ಬಡಿದ. "ಸಾರ್, ಇದಕ್ಕೆ ಅರ್ಥೇ ಇಲ್ಲ" ಅಂದ. ಮೂರು ವರ್ಷದಿಂದ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದೂ ಅದೇ. ಆದರೆ ಅವನು ಹೇಳಿದ್ದು ಅರ್ಥಿಂಗ್ ವಿಷಯ. ಮಾಮೂಲಿ ಕಾರಿನಲ್ಲಿ ತಗಡಿನ ಬಾಡಿಯೇ ನೆಗೆಟಿವ್ ವೈರ್. ಎಲ್ಲಿ ಬೇಕಾದರೂ ಒಂದು ಸ್ಕ್ರೂ ಬಿಗಿದರೆ ಅರ್ಥ್ ಸಿಕ್ಕಿತು. ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ! ಎಸ್ಟೀಮ್ ವೈರಿಂಗಿನ ಅರ್ಥ್ ತುದಿಗಳನ್ನೆಲ್ಲ ನಾವು ನೀಟಾಗಿ ಫೈಬರ್‌ಗೆ ಬೋಲ್ಟ್ ಮಾಡಿದ್ದೆವು, ಇಸಿಎಂ ತನ್ನ ದಾರಿಯನ್ನು ಹೆಡ್‌ಲೈಟ್ ಮೂಲಕ ಹುಡುಕಿಕೊಳ್ಳುತ್ತಿತ್ತು. ಭಾಯ್ ತಲೆ ಮೇಲೆ ಕೈ ಹೊತ್ತು ಕೂತರು. ದಪ್ಪ ಕಪ್ಪು ವೈರ್ ತಂದು ಎಂಜಿನ್ನಿಗೆ, ಚಾಸಿಗೆ, ಬ್ಯಾಟರಿಗೆ, ಒಂದೊಂದು ದೀಪಕ್ಕೆ ಬೇರೆ ಬೇರೆ ಎಳೆದೆವು. ಕೀ ತಿರುಗಿಸಿದರೆ ಅರ್ಧ ಸುತ್ತಿಗೇ ಎದ್ದು ನಿಂತಿತು. ಸೈಲೆನ್ಸರ್ ಇನ್ನೂ ಹಾಕಿರಲಿಲ್ಲ. ಪಕ್ಕದ ಶೆಡ್ಡಿನ ನಾಯಿ ಆ ದಿನದಿಂದ ನನ್ನನ್ನು ಕಂಡರೆ ದೂರ.

ಗೆಳೆಯನ ತೋಟದಲ್ಲಿ ಮೊದಲ ಓಟ. ಎರಡನೇ ಗೇರಿನಲ್ಲಿ ಕಾಲೊತ್ತಿದೆ, ಬೆನ್ನು ಸೀಟಿಗೆ ಅಂಟಿತು, ಅದನ್ನು ಬರೆದು ತಿಳಿಸಲು ನನಗೆ ಬರುವುದಿಲ್ಲ. ಬ್ರೇಕ್ ಒತ್ತಿದಾಗ ಏನಾಯಿತು ಅಂತ ಬರೆಯಬಲ್ಲೆ. ಏನೂ ಆಗಲಿಲ್ಲ. ನಾಲ್ಕೂ ಚಕ್ರಕ್ಕೆ ಆ ಕಾಲದ ಪುಟ್ಟ ಡ್ರಮ್ಮು. ದಾರಿ ಮುಗಿಯಿತು, ಬೇಲಿ ಮುಗಿಯಿತು, ಕಾರು ಪಕ್ಕದವರ ಅವರೆ ಹೊಲದಲ್ಲಿ ಎಂಟು ಸಾಲು ದಾಟಿ ನಿಂತಿತು. ಹೊಲದ ಗೌಡರು ನಿಧಾನವಾಗಿ ಬಂದು, ಕಾರು ನೋಡಿ, ನನ್ನನ್ನು ನೋಡಿ, "ಉಳೋಕೆ ಟ್ರ್ಯಾಕ್ಟರ್ ಹೇಳಿದ್ದೆ, ನೀವು ಬಂದ್ರಾ?" ಅಂದರು. ಅವರೆಗೆ ದುಡ್ಡು ಕೊಟ್ಟೆ. ಮುಂದಿನ ಚಕ್ರಗಳಿಗೆ ಮಾರುತಿ 800ರ ಡಿಸ್ಕ್ ಬ್ರೇಕ್ ಬಂತು. ಬ್ರಾಕೆಟ್ ಮಾಡಿದ್ದು ಅದೇ ಪೀಣ್ಯದ ಹಿರಿಯರು. "ಓಡೋದನ್ನ ಮೊದಲು ಮಾಡಿ ನಿಲ್ಲೋದನ್ನ ಆಮೇಲೆ ಮಾಡ್ತೀಯಲ್ಲ, ಓದಿದೀಯಾ ನೀನು?" ಅಂತ ಈ ಸಲವೂ ಬೈದರು. ನಾನು ಮತ್ತೆ ಮಾಡುವುದಾದರೆ ಬ್ರೇಕಿನಿಂದಲೇ ಶುರು ಮಾಡುತ್ತೇನೆ.

ವಾಪಸ್ ಬರುವಾಗ ಫ್ಲಾಟ್‌ಬೆಡ್ ಡ್ರೈವರ್‌ಗೆ ಹೇಳಿ ಒಂದು ಗುಜರಿ ಯಾರ್ಡಿನ ವೇ ಬ್ರಿಜ್ ಹತ್ತಿರ ನಿಲ್ಲಿಸಿದೆ. ಕಾರಿನ ತೂಕ 640 ಕೆ.ಜಿ. ಮಾರುತಿ 800 ಕೂಡ ಹೆಚ್ಚುಕಡಿಮೆ ಇಷ್ಟೇ ತೂಗುತ್ತದೆ, ಅದಕ್ಕಿರುವುದು 37 ಬಿಎಚ್‌ಪಿ. ನನ್ನದಕ್ಕೆ 85. ನಾನು ಚೀಟಿ ಹಿಡಿದು ಹಲ್ಲು ಕಿರಿಯುತ್ತಾ ನಿಂತಿದ್ದರೆ ಯಾರ್ಡಿನವನು ಕ್ಯಾಲ್ಕುಲೇಟರ್ ತೆಗೆದು, "ಫೈಬರ್‌ಗೆ ರೇಟಿಲ್ಲ ಅಣ್ಣ, ಕಬ್ಬಿಣ ಎಷ್ಟು ಬರ್ಬೋದು?" ಅಂದ. ಬಸವನಗುಡಿಯಲ್ಲಿ ಕೊಟ್ಟ ಮಾತು ನೆನಪಾಗಿ ಬೇಗ ಬೇಗ ಹೊರಟೆವು.

ಹೋದ ತಿಂಗಳು ಆ ಯಜಮಾನರನ್ನು ತೋಟಕ್ಕೆ ಕರೆದುಕೊಂಡು ಹೋಗಿದ್ದೆ. ಹೊರಗಿಂದ ಅದೇ ಕಾರು, ಬಿಳಿ ಬಣ್ಣ, ಅದೇ ಮುಖ. ಸುತ್ತ ಬಂದು, ಬಾಗಿಲು ತೆಗೆದು, ಮೆಲ್ಲಗೆ ಕೂತರು. ಸ್ಟೀರಿಂಗ್ ಮೇಲೆ ಒಂದು ಕೈ. ಇನ್ನೊಂದು ಕೈ ತಾನಾಗೇ ಡ್ಯಾಶ್‌ಬೋರ್ಡಿನ ಕೆಳಗೆ ಹೋಗಿ ಏನೋ ತಡಕಾಡಿತು.

"ಚೋಕ್ ಎಲ್ಲಪ್ಪ?"

"ಇದು ಇಂಜೆಕ್ಷನ್ ಅಂಕಲ್. ಚೋಕ್ ಇಲ್ಲ. ಸುಮ್ನೆ ಕೀ ತಿರುಗಿಸಿ."

ತಿರುಗಿಸಿದರು. ಎಂಜಿನ್ ಎದ್ದ ಸದ್ದಿಗೆ ಒಂದು ಕ್ಷಣ ಕೈ ಹಿಂದಕ್ಕೆ ಎಳೆದುಕೊಂಡರು. ಆಮೇಲೆ 400 ಮೀಟರನ್ನೂ ಇಪ್ಪತ್ತರ ವೇಗದಲ್ಲಿ, 1984ರ ಹೊಸ ಕಾರಿನ ಥರ ಓಡಿಸಿ, ತಿರುಗಿಸಿಕೊಂಡು ಬಂದು ನಿಲ್ಲಿಸಿದರು. ಇಳಿಯುವ ಮುಂಚೆ ಕೇಳಿದರು, "ಹಳೇ ಎಂಜಿನ್ ಇದೆ ತಾನೇ?"

"ಇದೆ ಅಂಕಲ್, ಮೆಟ್ಟಿಲ ಕೆಳಗೆ."

"ಪಿಸ್ಟನ್ ಎರಡು ನನ್ನ ಹತ್ರ ಇದೆ. ಅಟ್ಟದ ಮೇಲೆ. ಆವಾಗ ನೀನು ಕೇಳ್ಲೇ ಇಲ್ಲ."